ಮೊಮ್ಮಕ್ಕಳ ಧರ್ಮ

(ಶ್ರಾವಣ ಮಾಸದ ಪ್ರವಚನ ಮಾಲೆಯಲ್ಲಿ, ಮಧುಗಿರಿಯಲ್ಲಿ ದಯಪಾಲಿಸಿದ ಆಶೀರ್ವಚನ)



ಪ್ರತಿ ಶ್ರಾವಣದಂತೆ ಈ ಸಲವೂ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕೂ ತಾಲ್ಲೂಕುಗಳ ಭಕ್ತರು ಬೆಟ್ಟದ ಬುಡದ ಈ ಊರಿನಲ್ಲಿ ಕೂಡಿದ್ದೀರಿ. ಮಳೆ ಬಿದ್ದರೆ ರೈತ ಹೊಲದಲ್ಲಿರುತ್ತಾನೆ, ಬೀಳದಿದ್ದರೆ ಪ್ರವಚನಕ್ಕೆ ಬರುತ್ತಾನೆ. ಆದ್ದರಿಂದ ಸಭೆ ತುಂಬಿರುವುದನ್ನು ಕಂಡು ಸಂತೋಷಪಡಬೇಕೋ ವ್ಯಥೆಪಡಬೇಕೋ ನಮಗೆ ತಿಳಿಯದು. ಇರಲಿ. ಇಲ್ಲಿಂದ ನೋಡಿದರೆ ಮುಂದಿನ ಸಾಲುಗಳಲ್ಲೆಲ್ಲ ತಲೆ ನರೆತವರೇ ಕಾಣುತ್ತಾರೆ. ಹುಡುಗರೆಲ್ಲ ಹಿಂದೆ ಕಂಬಕ್ಕೆ ಒರಗಿ ಮೊಬೈಲು ನೋಡುತ್ತಿದ್ದಾರೆ. ಈ ಹೊತ್ತು ನಾವು ಆಡಬೇಕೆಂದಿರುವ ಮಾತು ಮುಂದೆ ಕುಳಿತವರಿಗಲ್ಲ, ಹಿಂದೆ ನಿಂತವರಿಗೆ. ಬನ್ನಿ, ಮುಂದೆ ಬನ್ನಿ. ಹಿರಿಯರು ಸ್ವಲ್ಪ ಸರಿದು ಜಾಗ ಕೊಡಿ.

ಕೆಲವು ತಿಂಗಳ ಹಿಂದೆ ಭಕ್ತರೊಬ್ಬರ ಮನೆಯ ಪಾದಪೂಜೆ ಮುಗಿಸಿಕೊಂಡು ಬರುವಾಗ ದಾರಿಯಲ್ಲಿ ಒಂದು ವೃದ್ಧಾಶ್ರಮ ಸಿಕ್ಕಿತು. ನಡೆಸುವವರು ಕೈಮುಗಿದು ಕರೆದರು, ಒಳಗೆ ಹೋದೆವು. ಅಚ್ಚುಕಟ್ಟಾದ ಜಾಗ. ಸಾಲು ಮಂಚಗಳು, ಒಗೆದ ಹೊದಿಕೆ, ಹೊತ್ತಿಗೆ ಸರಿಯಾದ ಊಟ. ಎಂಬತ್ತರ ಹತ್ತಿರದ ಒಬ್ಬ ತಾಯಿ ಗೋಡೆ ಹಿಡಿದುಕೊಂಡು ಬಂದರು. ನಮ್ಮ ಪಾವಗಡದ ಕಡೆಯವರೆಂದು ನಡಿಗೆ ನೋಡಿದರೇ ತಿಳಿಯುತ್ತಿತ್ತು. ಫ್ಲೋರೈಡಿನ ನೀರನ್ನು ಹುಟ್ಟಿದಾಗಿನಿಂದ ಕುಡಿದು ಕೀಲುಗಳು ಬಿಗಿದು, ಬೆನ್ನು ಬಾಗಿ, ಕತ್ತು ಎತ್ತಲಾಗದವರನ್ನು ಆ ಸೀಮೆಯಲ್ಲಿ ನೀವೂ ಕಂಡಿದ್ದೀರಿ. ಅಂಥವರು ನಮಸ್ಕಾರ ಮಾಡಲು ಬಗ್ಗುವುದೇ ಬೇಡ, ಬಗ್ಗಿಯೇ ಇರುತ್ತಾರೆ.

“ಬುದ್ಧೀ, ನಮ್ಮ ಹುಡುಗ ಮಠದ ಕಡೆ ಏನಾದ್ರೂ ಬಂದಿದ್ನಾ?” ಎಂದು ಕೇಳಿದರು.

“ಯಾವ ಹುಡುಗ ತಾಯಿ?”

“ನನ್ನ ಮೊಮ್ಮಗ ಬುದ್ಧಿ. ಹಬ್ಬಕ್ಕೆ ಮಠಕ್ಕೆ ಬರ್ತಿದ್ನಲ್ಲ.”

ಅಷ್ಟು ಹೇಳಿ ನಿಧಾನವಾಗಿ ಹಿಂದಿರುಗಿ ಹೋಗಿ ತಲೆದಿಂಬಿನ ಕೆಳಗಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದು ತೋರಿಸಿದರು. ಅದರ ತುಂಬ ಬಿಸ್ಕತ್ತಿನ ಪೊಟ್ಟಣಗಳು. ಈಚೆಗೆ ಪಟ್ಟಣದವರು ಮಕ್ಕಳ ಹುಟ್ಟುಹಬ್ಬವನ್ನು ವೃದ್ಧಾಶ್ರಮಗಳಲ್ಲಿ ಮಾಡುವ ರೂಢಿ ಬಂದಿದೆಯಷ್ಟೆ. ಬರುತ್ತಾರೆ, ಬಾಳೆಹಣ್ಣು ಬಿಸ್ಕತ್ತು ಹಂಚುತ್ತಾರೆ, ಹಂಚುವಾಗ ಫೋಟೋ ತೆಗೆಸಿಕೊಳ್ಳುತ್ತಾರೆ, ಹೋಗುತ್ತಾರೆ. ಹಾಗೆ ಬಂದ ಬಿಸ್ಕತ್ತನ್ನು ಆ ತಾಯಿ ತಿನ್ನದೆ ಕೂಡಿಸಿಟ್ಟಿದ್ದರು. “ಅವನಿಗೆ ಕ್ರೀಮಿಂದು ಅಂದ್ರೆ ಪ್ರಾಣ ಬುದ್ಧಿ. ಬಂದಾಗ ಬರಿಗೈಲಿ ಕಳಿಸೋದು ಹೆಂಗೆ?” ಎಂದರು. ಆಮೇಲೆ ವಿಚಾರಿಸಿದರೆ ಆ ಹುಡುಗನಿಗೆ ಈಗ ಇಪ್ಪತ್ತೆರಡು ವರ್ಷ. ಅಜ್ಜಿ ಅಲ್ಲಿಗೆ ಬಂದು ಐದು ವರ್ಷ. ಐದು ವರ್ಷದಲ್ಲಿ ಅವನು ಒಂದು ಸಲವೂ ಬಂದಿಲ್ಲ.

ಅವರ ಊರಿನ ಹೆಸರನ್ನಾಗಲಿ ಮನೆತನದ ಹೆಸರನ್ನಾಗಲಿ ನಾವು ಹೇಳುವುದಿಲ್ಲ. ಹೇಳಿದರೆ ನೀವು ಆ ಮಗನ ಮನೆ ಹುಡುಕಿಕೊಂಡು ಹೋಗಿ ನಾಲ್ಕು ಮಾತಾಡಿ ಬರುತ್ತೀರಿಯೇ ಹೊರತು ಅಜ್ಜಿಯನ್ನು ನೋಡಲು ಹೋಗುವುದಿಲ್ಲ. ನಮ್ಮ ಜನರ ಸ್ವಭಾವ ನಮಗೆ ಗೊತ್ತು.

ವೃದ್ಧಾಶ್ರಮ ಎಂದ ಕೂಡಲೆ ಮಕ್ಕಳನ್ನು ಬೈಯುವುದು ವೇದಿಕೆಯ ಮೇಲಿನವರಿಗೆ ಬಹಳ ಸುಲಭದ ಕೆಲಸ. ಚಪ್ಪಾಳೆಯೂ ಬೀಳುತ್ತದೆ. ಸೊಸೆಯನ್ನು ಬೈದರೆ ಇನ್ನೂ ಜೋರಾಗಿ ಬೀಳುತ್ತದೆ. ನಾವು ಈ ದಿನ ಬೈಯಲು ಕುಳಿತಿಲ್ಲ. ನಮ್ಮ ಈ ನಾಲ್ಕು ತಾಲ್ಲೂಕುಗಳ ಸ್ಥಿತಿ ಬೈಯುವವರಿಗೆ ಗೊತ್ತಿರಬೇಕು. ಕಡಲೆಕಾಯಿ ನಂಬಿ ಬದುಕಿದ ನೆಲ ಇದು. ಕೆರೆ ಬತ್ತಿತು, ಕೊಳವೆ ಬಾವಿಯ ಆಳ ಹೆಚ್ಚುತ್ತಾ ಹೋಯಿತು, ಹುಡುಗರು ಬೆಂಗಳೂರಿನ ಬಸ್ಸು ಹತ್ತಿದರು. ಗಂಡ ಒಂದು ಕಡೆ ಕಾವಲುಗಾರ, ಹೆಂಡತಿ ಗಾರ್ಮೆಂಟ್ಸಿನಲ್ಲಿ. ಇಬ್ಬರೂ ಹೋದ ಮೇಲೆ ಬೀಗ ಬೀಳುವ ಒಂದೇ ಕೋಣೆಯ ಮನೆ. ಮರೆವಿನ ಕಾಯಿಲೆ ಹಿಡಿದ ತಾಯಿಯನ್ನು ಆ ಬೀಗದ ಒಳಗೆ ಬಿಟ್ಟು ಹೋಗುವುದು ಧರ್ಮವೋ, ನೋಡಿಕೊಳ್ಳುವವರ ಕೈಗೆ ಒಪ್ಪಿಸುವುದು ಧರ್ಮವೋ? ಮಕ್ಕಳಿಲ್ಲದವರು ಇದ್ದಾರೆ. ತಾವಾಗಿಯೇ ನಿರ್ಧರಿಸಿ ಬಂದು, “ಇಲ್ಲೇ ನೆಮ್ಮದಿ” ಎನ್ನುವವರೂ ಇದ್ದಾರೆ. ಮಲಮೂತ್ರ ಬಳಿದು, ಸ್ನಾನ ಮಾಡಿಸಿ, ಬಾಯಿಗೆ ಗಂಜಿ ಹಾಕುವ ಹೆಣ್ಣುಮಕ್ಕಳನ್ನು ಅಲ್ಲಿ ನಾವು ಕಣ್ಣಾರೆ ಕಂಡಿದ್ದೇವೆ. ಅವರ ಸೇವೆಯ ಮುಂದೆ ನಮ್ಮ ಪೂಜೆ ಚಿಕ್ಕದು. ತಂದೆ ತಾಯಿಯನ್ನು ಅಲ್ಲಿ ಇರಿಸಿದ್ದೇ ಪಾಪವೆಂದು ಸಾರಾಸಗಟಾಗಿ ಹೇಳಲು ನಮಗೆ ನಾಲಿಗೆ ಬರುವುದಿಲ್ಲ. ಇರಿಸಿದ ಮೇಲೆ ಮೊಮ್ಮಕ್ಕಳು ಆ ಕಡೆ ತಿರುಗಿ ನೋಡದಿರುವುದಿದೆಯಲ್ಲ, ನಮ್ಮ ಮಾತು ಅದರ ಬಗ್ಗೆ.

ಹುಡುಗ ಯಾಕೆ ಹೋಗಲಿಲ್ಲ? ಪಾವಗಡದ ತಿರುಮಣಿಯ ಸುತ್ತಿನ ಐದು ಗ್ರಾಮಗಳಲ್ಲಿ ಸುಮಾರು ೧೩,೦೦೦ ಎಕರೆಯಲ್ಲಿ ಸೌರ ವಿದ್ಯುತ್ತಿನ ಫಲಕಗಳು ಬಂದಿರುವುದು ನಿಮಗೆಲ್ಲ ತಿಳಿದ ವಿಷಯ. ೨೦೧೮ರಲ್ಲಿ ಉದ್ಘಾಟನೆಯಾಯಿತು. ಜಮೀನು ಮಾರಾಟವಲ್ಲ, ಗುತ್ತಿಗೆ. ಮೊದಲಿಗೆ ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ ೫ರ ಏರಿಕೆ ಎಂದು ಕರಾರು. ಬರದ ಸೀಮೆಗೆ ಅದು ಸಣ್ಣ ಮಾತಲ್ಲ, ಎಷ್ಟೋ ಮನೆಗಳ ಸಾಲ ತೀರಿತು. ಆದರೆ ಉಳುವ ಹೊಲ ಹೋದ ಮೇಲೆ ಎತ್ತು ಬೇಡವಾಯಿತು. ಎತ್ತು ಹೋದ ಮೇಲೆ ಅದರ ಜೊತೆ ಅಜ್ಜನ ಕೆಲಸವೂ ಹೋಯಿತು. ಹಿಂದೆ ಮುದುಕ ಏನೂ ಮಾಡದಿದ್ದರೂ ಹೊಲದ ಬದುವಿನ ಮೇಲೆ ಕುಳಿತು ಹಕ್ಕಿ ಓಡಿಸುತ್ತಿದ್ದ, ಅಷ್ಟರಿಂದ ಅವನು ಮನೆಗೆ ಬೇಕಾದವನಾಗಿದ್ದ. ಈ ಅಜ್ಜಿಯ ಮನೆಯಲ್ಲಿ ಗುತ್ತಿಗೆಯ ಹಣ ಯಾರ ಖಾತೆಗೆ ಬರಬೇಕೆಂದು ಅಣ್ಣತಮ್ಮಂದಿರಿಗೆ ಮಾತು ಬೆಳೆಯಿತು. ಅಜ್ಜಿ ಕಿರಿಯವನ ಪರ ನಿಂತರೆಂದು ಹಿರಿಯವನಿಗೆ ಸಿಟ್ಟು. ಕಿರಿಯವನು ಹಣ ತೆಗೆದುಕೊಂಡು ಬೆಂಗಳೂರಿಗೆ ಹೋದ, ಅಜ್ಜಿ ಇಬ್ಬರಿಗೂ ಬೇಡವಾದರು. ತಪ್ಪು ಯಾರದು ಎಂಬ ಪಂಚಾಯ್ತಿಗೆ ನಾವು ಹೋಗುವುದಿಲ್ಲ. ಅಜ್ಜಿಯದೂ ಸ್ವಲ್ಪ ಇದ್ದೀತು. ವಯಸ್ಸಾದವರೆಲ್ಲ ಋಷಿಗಳಲ್ಲ.

ಹಿರಿಯವನ ಮಗ ಈ ಹುಡುಗ. ಒಂದು ದಿನ ಮಠಕ್ಕೆ ಬಂದ, ನಾವೇ ಕರೆದು ಕೇಳಿದೆವು. ಬೆಂಗಳೂರಿನಲ್ಲಿ ಮೋಟಾರ್ ಸೈಕಲ್ಲಿನ ಮೇಲೆ ಮನೆಮನೆಗೆ ಊಟ ತಲುಪಿಸುವ ಕೆಲಸವಂತೆ. “ಅಜ್ಜಿ ನೋಡೋಕೆ ಹೋದ್ರೆ ಅಪ್ಪ ಮನೆ ಒಳಗೆ ಸೇರಿಸಲ್ಲ ಅಂದಿದ್ದಾರೆ ಬುದ್ಧಿ” ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಷ್ಟು ವರ್ಷ ಹೋಗಿಲ್ಲ, ಈಗ ಯಾವ ಮುಖ ಇಟ್ಕೊಂಡು ಹೋಗ್ಲಿ?” ಎಂದ. ನಿಜವಾದ ಅಡ್ಡಿ ಎರಡನೆಯದೇ ಎಂದು ನಮಗೆ ಅನಿಸಿತು.

“ದಿನಕ್ಕೆ ಎಷ್ಟು ಬಾಗಿಲು ತಟ್ಟುತ್ತೀಯಪ್ಪ?” ಎಂದೆವು.

“ಇಪ್ಪತ್ತು ಇಪ್ಪತ್ತೈದು ಆಗುತ್ತೆ ಬುದ್ಧಿ.”

“ಅವರೆಲ್ಲ ನಿನಗೆ ಪರಿಚಯವೋ?”

“ಇಲ್ಲ ಬುದ್ಧಿ.”

“ಹಾಗಾದರೆ ಪರಿಚಯದ್ದು ಇನ್ನೊಂದು ಬಾಗಿಲು ತಟ್ಟಿ ಬಾ” ಎಂದು ಕಳಿಸಿದೆವು. ಅವನು ಹೋದನೇ ಎಂಬುದನ್ನು ಆಮೇಲೆ ಹೇಳುತ್ತೇವೆ.

ಹುಡುಗರೇ, ನಿಮಗೆ ಇದು ಸ್ಪಷ್ಟವಾಗಿ ತಿಳಿಯಬೇಕು. ನಿಮ್ಮ ತಂದೆಗೂ ತಾತನಿಗೂ ಜಗಳವಿದ್ದರೆ ಅದು ಅವರಿಬ್ಬರದು. ಭಾಗ ಪತ್ರದಲ್ಲಿ ಹೊಲ ಬರುತ್ತದೆ, ಮನೆ ಬರುತ್ತದೆ, ಸಾಲವೂ ಬರುತ್ತದೆ. ಜಗಳ ಬರುತ್ತದೆಂದು ಯಾವ ಪತ್ರದಲ್ಲಿ ಬರೆದಿದೆ? ತಾತ ನಿಮ್ಮ ತಂದೆಯ ಮೂಲಕ ನಿಮಗೆ ಬಂದವನು ನಿಜ, ಆದರೆ ಬಂದ ಮೇಲೆ ನಿಮ್ಮವನು. ಅವನನ್ನು ನೋಡಲು ತಂದೆಯ ಅಪ್ಪಣೆ ಬೇಕಿಲ್ಲ. ತಂದೆಯ ಮಾತು ಮೀರಬಹುದೆಂದು ಮಠದ ಸ್ವಾಮಿಗಳು ಹೇಳುವುದುಂಟೇ ಎಂದು ಕೆಲವರು ಮುಖ ನೋಡಿಕೊಳ್ಳುತ್ತಿದ್ದೀರಿ. ಉಂಟು, ಈ ಒಂದು ವಿಷಯದಲ್ಲಿ ಹೇಳುತ್ತೇವೆ. ಕದ್ದು ಹೋಗಬೇಡಿ, ಎದುರು ಮಾತನಾಡಲೂ ಬೇಡಿ. “ಅಪ್ಪಾ, ನಾಳೆ ಅಜ್ಜಿಯನ್ನು ನೋಡಿ ಬರುತ್ತೇನೆ” ಎಂದು ಹೇಳಿ ಹೋಗಿ. ಬಂದ ಮೇಲೆ ಅಲ್ಲಿನ ಮಾತನ್ನು ಇಲ್ಲಿ ಹೇಳಿ ಕಿಚ್ಚು ಹಚ್ಚಬೇಡಿ. “ಚೆನ್ನಾಗಿದ್ದಾರೆ, ನಿಮ್ಮನ್ನು ಕೇಳಿದರು” ಎನ್ನಿ, ಸಾಕು.

ಸಂಸ್ಕೃತದಲ್ಲಿ ಮೊಮ್ಮಗನಿಗೆ ಪೌತ್ರ, ದೌಹಿತ್ರ ಎಂಬ ಮಾತುಗಳಲ್ಲದೆ ನಪ್ತೃ ಎಂಬ ಇನ್ನೊಂದು ಪ್ರಾಚೀನ ಶಬ್ದವುಂಟು. ಹಳೆಯ ವ್ಯಾಖ್ಯಾನಕಾರರು ಅದನ್ನು ಬಿಡಿಸುವಾಗ, ಯಾರಿಂದ ಹಿರಿಯರು ಕೆಳಗೆ ಬೀಳುವುದಿಲ್ಲವೋ ಅವನು ಎಂದು ಅರ್ಥ ಹೇಳುತ್ತಾರೆ. ಅವರ ಮನಸ್ಸಿನಲ್ಲಿದ್ದದ್ದು ಪರಲೋಕದ ಪತನ. ನಮಗೆ ಆ ವೃದ್ಧಾಶ್ರಮದಲ್ಲಿ ಕುಳಿತಾಗ ಬೇರೆ ಅರ್ಥ ಹೊಳೆಯಿತು. ಮುದಿವಯಸ್ಸಿನ ದೊಡ್ಡ ಭಯವೇ ಬೀಳುವುದು. ಬಚ್ಚಲಿನಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದರೆ ಎಷ್ಟೋ ಜನ ಮತ್ತೆ ಎದ್ದು ನಡೆಯುವುದಿಲ್ಲ. ಅಲ್ಲಿದ್ದವರೆಲ್ಲ ಗೋಡೆ ಹಿಡಿದು, ಮಂಚದ ಕಾಲು ಹಿಡಿದು, ಕೋಲು ಹಿಡಿದು ನಡೆಯುತ್ತಿದ್ದರು. ಹೆಗಲು ಹಿಡಿದು ನಡೆಯುತ್ತಿದ್ದವರು ಒಬ್ಬರೂ ಕಾಣಲಿಲ್ಲ.

ಧರ್ಮಶಾಸ್ತ್ರದಲ್ಲಿ ವಾನಪ್ರಸ್ಥದ ವಿಚಾರ ಬರುತ್ತದೆ. ಅಲ್ಲಿನ ವರ್ಣಾಶ್ರಮ ವ್ಯವಸ್ಥೆಯನ್ನು ನಮ್ಮ ಶರಣರು ಒಪ್ಪಿದವರಲ್ಲ, ನಾವೂ ಒಪ್ಪಿದವರಲ್ಲ. ಆದರೆ ಪಾಠಶಾಲೆಯಲ್ಲಿ ಓದಿದ್ದು ತಲೆಯಲ್ಲಿ ಉಳಿದಿದೆ. ಗೃಹಸ್ಥ ಯಾವಾಗ ಮನೆ ಬಿಟ್ಟು ಕಾಡಿಗೆ ಹೊರಡಬೇಕೆಂದರೆ, ಮೈಯಲ್ಲಿ ಸುಕ್ಕು ಕಂಡಾಗ, ತಲೆಯಲ್ಲಿ ನರೆ ಕಂಡಾಗ, ತನ್ನ ಮಕ್ಕಳಿಗೆ ಹುಟ್ಟಿದ ಮಗುವನ್ನು ಕಂಡಾಗ ಎಂದು ಮನು ಹೇಳುತ್ತಾನೆ. ಮುದುಕರನ್ನು ಕಾಡಿಗೆ ಕಳಿಸುವ ಶಾಸ್ತ್ರವೂ ಮೊಮ್ಮಗನ ಮುಖ ನೋಡಿಕೊಂಡೇ ಹೊರಡು ಎಂದಿತು. ನಾವು ಈಗ ಕಾಡಿಗೆ ಕಳಿಸುತ್ತಿಲ್ಲ, ಫ್ಯಾನಿನ ಕೆಳಗೆ ಮಲಗಿಸುತ್ತಿದ್ದೇವೆ. ಆ ಮುಖವೊಂದನ್ನು ಮಾತ್ರ ತೋರಿಸುತ್ತಿಲ್ಲ.

ಕಾನೂನಿನ ಮಾತನ್ನೂ ಸ್ವಲ್ಪ ಕೇಳಿ, ಏಕೆಂದರೆ ನಮ್ಮ ಜನ ಶಾಸ್ತ್ರಕ್ಕೆ ಹೆದರದಿದ್ದರೂ ಕಚೇರಿಗೆ ಹೆದರುತ್ತಾರೆ. ೨೦೦೭ರಲ್ಲಿ ತಂದೆ ತಾಯಿಯರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣಕ್ಕೆಂದು ಒಂದು ಕೇಂದ್ರ ಕಾಯ್ದೆಯಾಯಿತು. ಅದರಲ್ಲಿ ಮಕ್ಕಳು ಎಂದರೆ ಮಗ, ಮಗಳು ಮಾತ್ರವಲ್ಲ. ಪ್ರಾಪ್ತ ವಯಸ್ಸಿನ ಮೊಮ್ಮಗ, ಮೊಮ್ಮಗಳು ಕೂಡ ಸೇರುತ್ತಾರೆ. ಅಜ್ಜ ಅಜ್ಜಿಯರು ಅವರಿಂದಲೂ ಜೀವನಾಂಶ ಕೇಳಬಹುದು. ಆ ಕಾಯ್ದೆಯಲ್ಲಿ ತಿಂಗಳಿಗೆ ೧೦,೦೦೦ ರೂಪಾಯಿಯವರೆಗೆ ಎಂದು ಮಿತಿ ಇಟ್ಟರು. ನೋಡಿಕೊಳ್ಳುತ್ತೇವೆಂಬ ಕರಾರಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ ಆ ಪತ್ರವನ್ನೇ ರದ್ದುಪಡಿಸುವ ಅಧಿಕಾರ ಅದರ ೨೩ನೆಯ ಕಲಮಿನಲ್ಲಿದೆ. ನೋಡಿಕೊಳ್ಳಬೇಕಾದವರೇ ಹಿರಿಯರನ್ನು ಎಲ್ಲೋ ಬಿಟ್ಟುಹೋದರೆ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೆ ೫,೦೦೦ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಎಂದಿದೆ. ಈ ದೂರನ್ನು ಕೇಳುವವರು ಉಪವಿಭಾಗಾಧಿಕಾರಿಗಳು. ನಮ್ಮ ನಾಲ್ಕೂ ತಾಲ್ಲೂಕುಗಳಿಗೆ ಉಪವಿಭಾಗದ ಕೇಂದ್ರ ನೀವು ಕುಳಿತಿರುವ ಇದೇ ಮಧುಗಿರಿ. ಪಾವಗಡದ ಮುದುಕಿ ಅರ್ಜಿ ಹಿಡಿದು ಇಲ್ಲಿಗೆ ಬರಬೇಕು. ಬಾಗಿದ ಬೆನ್ನಿನಲ್ಲಿ ಅರವತ್ತು ಕಿಲೋಮೀಟರಿನ ಹಾದಿ ಬರುವ ತಾಯಿ ಎಷ್ಟು ನೊಂದಿರಬೇಕು, ನೀವೇ ಯೋಚಿಸಿ. ಹೆತ್ತವರು ಮಕ್ಕಳ ಮೇಲೆ ದೂರು ಕೊಡಲಾರದೆ ಬಾಗಿಲಿನಿಂದ ಹಿಂದಿರುಗುವುದೇ ಹೆಚ್ಚು. ಕೊಟ್ಟು ಗೆದ್ದರೂ ತಿಂಗಳ ಹಣ ಬರುತ್ತದೆ. ಭಾನುವಾರ ಮೊಮ್ಮಗ ಬರಲೆಂದು ಆದೇಶ ಬರೆಯಲು ಯಾವ ಅಧಿಕಾರಿಗೆ ಸಾಧ್ಯ?

೨೦೨೦ರ ಮಾರ್ಚಿನಲ್ಲಿ ಕೊರೋನ ಬಂದು ಎಲ್ಲ ಬಾಗಿಲುಗಳನ್ನೂ ಮುಚ್ಚಿದಾಗ ವೃದ್ಧಾಶ್ರಮಗಳೂ ಹೊರಗಿನವರನ್ನು ಬಿಡಲಿಲ್ಲ. ಅದು ಸರಿಯಾದದ್ದೇ, ಆ ರೋಗ ಮುದುಕರ ಮೇಲೇ ಹೆಚ್ಚು ಎರಗಿತು. ಆಗ ಮೊಮ್ಮಕ್ಕಳು ಮೊಬೈಲಿನಲ್ಲಿ ಮುಖ ತೋರಿಸಿ ಮಾತನಾಡಿದರು. ಇಲ್ಲದಿದ್ದರೆ ಅದೂ ಇರುತ್ತಿರಲಿಲ್ಲ, ಒಳ್ಳೆಯದಾಯಿತು. ಆದರೆ ರೋಗ ಹೋಗಿ, ಬಾಗಿಲು ತೆರೆದ ಮೇಲೂ ಮೊಬೈಲೇ ಉಳಿಯಿತು. ಕಣ್ಣಿನ ಪೊರೆ ಬಂದ ತಾತನಿಗೆ ಆ ಅಂಗೈಯಗಲದ ಗಾಜಿನಲ್ಲಿ ನೀವು ಕಾಣುವುದೇ ಇಲ್ಲ. ಕಿವಿ ಮಂದವಾದ ಅಜ್ಜಿ ಏನು ಕೇಳಿದರೂ “ಹ್ಞೂಂ” ಎನ್ನುತ್ತಾಳೆ. “ಆರಾಮಾಗಿದ್ದಾಳೆ” ಎಂದು ನೀವು ಮೊಬೈಲು ಜೇಬಿಗಿಡುತ್ತೀರಿ.

ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದನ್ನು ನೋಡಲು ನೀವು ಹೋಗಿರಬೇಕು. ವರ್ಷಕ್ಕೊಮ್ಮೆ ಬರುವ ಆ ಹಕ್ಕಿಗಳನ್ನು ಊರಿನವರು ಬಾಣಂತನಕ್ಕೆ ಬಂದ ಮಗಳಂತೆ ಕಾಯುತ್ತಾರೆ. ಮರೆಯದೆ ಬರುವ ಹಕ್ಕಿ, ಬಂದುದನ್ನು ಕಾಯುವ ಜನ, ಎರಡೂ ನಮ್ಮ ಸೀಮೆಯಲ್ಲೇ ಇದ್ದಾರೆ. ಈ ಮಾತು ಯಾಕೆ ಬಂತೋ, ನೆನಪಾಯಿತು, ಹೇಳಿದೆವು.

ಈಗ ಹೋಗುವ ರೀತಿ. ಇದರಲ್ಲಿ ತಪ್ಪು ಬಹಳ ಆಗುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಮೊದಲನೆಯದಾಗಿ, ಗುಂಪು ಕಟ್ಟಿಕೊಂಡು ಹೋಗಬೇಡಿ. ಒಬ್ಬರು, ಹೆಚ್ಚೆಂದರೆ ಇಬ್ಬರು. ಹೋದ ಕೂಡಲೆ ಗಡಿಯಾರ ನೋಡಬೇಡಿ. ನಿಂತುಕೊಂಡು ಮಾತನಾಡಿದರೆ ಈಗಲೇ ಹೊರಡುವವನು ಎಂದು ಅವರಿಗೆ ತಿಳಿಯುತ್ತದೆ, ಆದ್ದರಿಂದ ಮಂಚದ ಅಂಚಿನಲ್ಲಿ ಕುಳಿತುಕೊಳ್ಳಿ. ಸಿಹಿಮೂತ್ರದ ಕಾಯಿಲೆ ಇರುವವರಿಗೆ ಮೈಸೂರು ಪಾಕು ಒಯ್ದು ಕೊಟ್ಟು ಪ್ರೀತಿ ತೋರಿಸಬೇಡಿ, ಅಲ್ಲಿ ನೋಡಿಕೊಳ್ಳುವವರನ್ನು ಕೇಳಿ ಒಯ್ಯಿರಿ. ನಮ್ಮ ಕಡೆಯವರು ಮುದ್ದೆ ಉಂಡು ಬೆಳೆದವರು. ಅಲ್ಲಿ ದಿನವೂ ಅನ್ನವಾದರೆ ಊಟ ಮಾಡಿದಂತೆಯೇ ಅವರಿಗೆ ಅನಿಸುವುದಿಲ್ಲ. ಅವರೆಕಾಳಿನ ಕಾಲದಲ್ಲಿ ಒಂದು ಡಬ್ಬಿ ಹಿತಕವರೆಯ ಸಾರು, ಎರಡು ಮೆತ್ತನೆಯ ಮುದ್ದೆ ಒಯ್ದು ನೋಡಿ. ಒಬ್ಬ ತಾಯಿ ನಮ್ಮನ್ನು ಕೇಳಿದ್ದು ಏನು ಗೊತ್ತೇ? ಎಲೆ ಅಡಿಕೆ ಕುಟ್ಟುವ ಕುಟ್ಟಾಣಿ. ಹಲ್ಲಿಲ್ಲ, ಅಡಿಕೆ ಅಗಿಯಲಾಗದು, ಕುಟ್ಟಾಣಿ ಮನೆಯಲ್ಲೇ ಉಳಿದುಹೋಯಿತಂತೆ. ಮಗನಿಗೆ ಹೇಳಿದರೆ ಹೊಸ ರಗ್ಗು ತಂದುಕೊಟ್ಟನಂತೆ.

ಉಗುರು ಬೆಳೆದಿದ್ದರೆ ಕತ್ತರಿಸಿ. ತಲೆಗೆ ಎಣ್ಣೆ ಹಚ್ಚಿ. ಕನ್ನಡಕದ ಕಡ್ಡಿ ಮುರಿದು ದಾರ ಕಟ್ಟಿಕೊಂಡಿದ್ದಾರೆಯೇ ನೋಡಿ, ಪೇಟೆಗೆ ಒಯ್ದು ಸರಿ ಮಾಡಿಸಿ ತನ್ನಿ. “ನನ್ನ ಗುರುತು ಸಿಕ್ಕಿತೇ, ಯಾರು ಹೇಳು ನೋಡೋಣ” ಎಂದು ಪರೀಕ್ಷೆ ಮಾಡಬೇಡಿ. ಮರೆವಿನವರಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ನೀವೇ ನಿಮ್ಮ ಹೆಸರು ಹೇಳಿ, ಇಂಥವರ ಮಗ ಎನ್ನಿ. ಗುರುತು ಸಿಗದಿದ್ದರೂ ಕೈ ಹಿಡಿದು ಕುಳಿತುಕೊಳ್ಳಿ. ಹೇಳಿದ ಕಥೆಯನ್ನೇ ಮೂರನೆಯ ಸಲ ಹೇಳಿದರೆ ಮೂರನೆಯ ಸಲವೂ ಕೇಳಿ. ನೀವು ಮೂರು ವರ್ಷದವರಿದ್ದಾಗ ಅದೇ ಕಾಗೆ ಗುಬ್ಬಿ ಕಥೆಯನ್ನು ನೂರು ಸಲ ಹೇಳಿಸಿದ್ದೀರಿ, ಅವರು ಬೇಸರಿಸಲಿಲ್ಲ.

ಅವರಿಗೆ ಏನು ಬೇಕೆಂದು ಕೇಳುವುದಕ್ಕಿಂತ ಅವರಿಂದ ನಿಮಗೆ ಏನು ಬೇಕೆಂದು ಯೋಚಿಸಿಕೊಂಡು ಹೋಗಿ. ಇದನ್ನು ನಮಗೆ ಆ ಬಿಸ್ಕತ್ತಿನ ಚೀಲ ಕಲಿಸಿತು. ಕೊಡುವವರೆಲ್ಲ ಬಂದು ಕೊಟ್ಟು ಹೋಗುತ್ತಾರೆ, ತೆಗೆದುಕೊಳ್ಳುವವರು ಯಾರೂ ಬರುವುದಿಲ್ಲ. ಹೊಲದ ಗಡಿಕಲ್ಲು ಎಲ್ಲಿದೆ, ಮುತ್ತಜ್ಜ ಯಾವ ಊರಿನಿಂದ ಬಂದ, ಬರ ಬಂದ ವರ್ಷ ಏನು ತಿಂದಿರಿ, ನನ್ನಪ್ಪ ಹುಡುಗನಾಗಿದ್ದಾಗ ಏನು ತುಂಟತನ ಮಾಡುತ್ತಿದ್ದ ಎಂದು ಕೇಳಿ. ರಾಗಿ ಕಣದ ಹಾಡು, ಮಗುವಿನ ಹೊಟ್ಟೆನೋವಿನ ಮದ್ದು, ಕಜ್ಜಾಯದ ಪಾಕದ ಹದ, ಇವೆಲ್ಲ ಆ ಸಾಲು ಮಂಚಗಳ ಮೇಲೆ ಸುಮ್ಮನೆ ಮಲಗಿವೆ.

ಇನ್ನೊಂದು ಮುಖ್ಯ ಮಾತು. “ಮುಂದಿನ ತಿಂಗಳು ಮನೆಗೆ ಕರಕೊಂಡು ಹೋಗ್ತೀನಿ” ಎಂದು ಸುಳ್ಳು ಹೇಳಬೇಡಿ. ಆಗುವುದಿದ್ದರೆ ಮಾತ್ರ ಹೇಳಿ. ಅಳು ನಿಲ್ಲಿಸಲು ಹೇಳಿ ಹೋಗುತ್ತೀರಿ. ಆಮೇಲೆ ಆ ಮುದುಕ ಟ್ರಂಕಿಗೆ ಬಟ್ಟೆ ತುಂಬಿ, ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಗೇಟು ಸದ್ದಾದಾಗಲೆಲ್ಲ ಎದ್ದು ನಿಲ್ಲುತ್ತಾನೆ. ಹಾಗೆ ಕುಳಿತವರೊಬ್ಬರನ್ನು ನಾವು ಅಲ್ಲಿ ಕಂಡೆವು. ನಮ್ಮ ಕಾರನ್ನು ಕಂಡು ಅವರು ಎದ್ದು ನಿಂತಿದ್ದರು. ಬರುವ ದಿನವನ್ನು ಮಾತ್ರ ಹೇಳಿ, ಹೇಳಿದ ದಿನ ಬನ್ನಿ. ಹದಿನೈದು ದಿನಕ್ಕೊಮ್ಮೆ ಆಗದಿದ್ದರೆ ತಿಂಗಳಿಗೊಮ್ಮೆ, ಆದರೆ ತಪ್ಪದೆ.

ತಾಯಂದಿರೇ, ಸಣ್ಣ ಮಕ್ಕಳು ತಾವಾಗಿ ಹೋಗಲಾರವು, ನೀವು ಕರೆದೊಯ್ಯಬೇಕು. ೨೦೨೩ರ ಜೂನ್ ೧೧ರಂದು ಶಕ್ತಿ ಯೋಜನೆ ಬಂದ ಮೇಲೆ ನೀವು ಸರ್ಕಾರಿ ಬಸ್ಸಿನಲ್ಲಿ ಧರ್ಮಸ್ಥಳಕ್ಕೆ ಹೋದಿರಿ, ಗೊರವನಹಳ್ಳಿಗೆ ಹೋದಿರಿ, ಸಿದ್ಧರಬೆಟ್ಟಕ್ಕೆ ಬಂದಿರಿ, ಬಹಳ ಸಂತೋಷ. ಅದೇ ಬಸ್ಸು ಅತ್ತೆ ಇರುವ ಊರಿಗೂ ಹೋಗುತ್ತದೆ. ಅತ್ತೆ ಒಂದು ಕಾಲದಲ್ಲಿ ನಿಮ್ಮನ್ನು ಬಹಳ ಗೋಳಾಡಿಸಿರಬಹುದು. ಹಾಗಿದ್ದರೆ ನೀವು ಹೊರಗೆ ಜಗಲಿಯ ಮೇಲೆ ಕುಳಿತು ಮಗುವನ್ನು ಒಳಗೆ ಕಳಿಸಿ. ಅಷ್ಟಾದರೂ ಸಾಕು.

ತುಮಕೂರಿನ ಸಿದ್ಧಗಂಗೆಯ ಪೂಜ್ಯ ಶಿವಕುಮಾರ ಮಹಾಸ್ವಾಮಿಗಳು ೧೯೦೭ರಲ್ಲಿ ಜನಿಸಿ ೨೦೧೯ರ ಜನವರಿ ೨೧ರಂದು ಲಿಂಗೈಕ್ಯರಾದರು. ಅಷ್ಟು ದೀರ್ಘ ಮುಪ್ಪನ್ನು ಅವರು ಕಳೆದದ್ದು ಸಾವಿರಾರು ಮಕ್ಕಳ ನಡುವೆ. ಅವರ ಆಯುಸ್ಸಿನ ಗುಟ್ಟು ಮಿತಾಹಾರ ಎಂದು ಎಲ್ಲರೂ ಹೇಳುತ್ತಾರೆ, ನಿಜವೇ. ಸಂಜೆಯ ಪ್ರಾರ್ಥನೆಗೆ ಸಾಲುಸಾಲಾಗಿ ಕುಳಿತ ಆ ಮಕ್ಕಳ ಪಾಲೂ ಅದರಲ್ಲಿದೆ ಎಂಬುದು ನಮ್ಮ ಎಣಿಕೆ.

ಇಷ್ಟೆಲ್ಲ ಹೇಳಲು ನಮಗೇನು ಅಧಿಕಾರ ಎಂದು ನೀವು ಕೇಳಬಹುದು. ಪೂರ್ವಾಶ್ರಮದ ನಂಟನ್ನು ಬಿಟ್ಟವರು ನಾವು. ಅದರ ಮಾತನ್ನು ಎತ್ತಬಾರದು, ಎತ್ತುವುದೂ ಇಲ್ಲ. ಈ ದಿನ ಒಂದು ಸಲ ಎತ್ತುತ್ತೇವೆ, ಏಕೆಂದರೆ ಎತ್ತದೆ ಈ ಹುಡುಗರ ಮುಂದೆ ಮಾತನಾಡಿದರೆ ಅದು ಸುಳ್ಳಾದೀತು.

ನಮ್ಮನ್ನು ಒಂಬತ್ತನೆಯ ವಯಸ್ಸಿನಲ್ಲಿ ಮಠಕ್ಕೆ ಒಪ್ಪಿಸಿದರು. ಅಲ್ಲಿಂದ ಸಂಸ್ಕೃತ ಪಾಠಶಾಲೆಗೆ ಕಳಿಸಿದರು. ಅಮರಕೋಶ ಬಾಯಿಪಾಠ ನಡೆಯುತ್ತಿತ್ತು. ಮನುಷ್ಯವರ್ಗದಲ್ಲಿ ತಂದೆ, ತಾಯಿ, ಅಜ್ಜ, ಮೊಮ್ಮಗ, ಹೀಗೆ ಬಂಧುಗಳ ಹೆಸರುಗಳು ಬರುವ ಭಾಗ. ಒಂದು ಮಧ್ಯಾಹ್ನ ಅಜ್ಜಿ ಬಂದರು. ಎರಡು ಬಸ್ಸು ಬದಲಿಸಿ, ಮಿಕ್ಕದ್ದು ನಡೆದುಕೊಂಡು ಬಂದಿದ್ದರು. ಸೆರಗಿನಲ್ಲಿ ಹುರಿದ ಕಡಲೆಕಾಯಿ ಕಟ್ಟಿಕೊಂಡಿದ್ದರು. ಸೀರೆ ಹೊಲಿಗೆ ಹಾಕಿದ್ದು. ಸಹಪಾಠಿಗಳು ನೋಡುತ್ತಿದ್ದರು, ನಮಗೆ ನಾಚಿಕೆಯಾಯಿತು. “ಪಾಠ ಇದೆ” ಎಂದು ಎರಡು ಮಾತಾಡಿ ಒಳಗೆ ಹೋಗಿಬಿಟ್ಟೆವು. ಪಾಠ ಆ ಹೊತ್ತಿಗೆ ಮುಗಿದಿತ್ತು. ಕಿಟಕಿಯಿಂದ ನೋಡಿದರೆ ಜಗಲಿಯ ಮೇಲೆ ಕುಳಿತೇ ಇದ್ದರು. ಹೊರಗೆ ಹೋಗಲು ಮನಸ್ಸಾಯಿತು, ಹೋಗಲಿಲ್ಲ. ಸಂಜೆಯ ಬಸ್ಸಿನ ಹೊತ್ತಿಗೆ ಕಡಲೆಕಾಯಿಯನ್ನು ಅಡಿಗೆಯವರ ಕೈಗೆ ಕೊಟ್ಟು ಹೊರಟರು. ರಾತ್ರಿ ಅಡಿಗೆಯವರು ಎಲ್ಲ ಹುಡುಗರಿಗೂ ಹಂಚಿದರು, ನಮಗೂ ಒಂದು ಹಿಡಿ ಬಂತು. ಆ ಮಾಘದಲ್ಲಿ ಅಜ್ಜಿ ತೀರಿಕೊಂಡ ಸುದ್ದಿ ಬಂತು. ನಪ್ತೃ ಎಂಬ ಶಬ್ದದ ಅರ್ಥವನ್ನು ಗುರುಗಳು ಬಿಡಿಸಿ ಹೇಳಿದ್ದು ಅದಾದ ಎರಡು ವರ್ಷದ ಮೇಲೆ.

ಆ ಬೆಂಗಳೂರಿನ ಹುಡುಗನ ವಿಷಯ ಹೇಳುತ್ತೇವೆಂದಿದ್ದೆವು. ಹೋಗಿದ್ದನಂತೆ. ಗೇಟಿನ ಹೊರಗೆ ಅರ್ಧ ಗಂಟೆ ಮೋಟಾರ್ ಸೈಕಲ್ಲಿನ ಮೇಲೇ ಕುಳಿತಿದ್ದನಂತೆ. ಒಳಗೆ ಹೋದ ಮೇಲೆ ಅಜ್ಜಿ ಐದು ವರ್ಷದ ಲೆಕ್ಕ ಕೇಳಲಿಲ್ಲ. “ಊಟ ಆಯ್ತೇನಪ್ಪ?” ಎಂದು ಕೇಳಿ ಚೀಲ ತೆಗೆದರಂತೆ. “ಮೆತ್ತಗಾಗಿಹೋಗಿತ್ತು ಬುದ್ಧಿ, ಆದರೂ ನಾಲ್ಕು ಪೊಟ್ಟಣ ತಿಂದೆ” ಎಂದ. ಈಗ ತಿಂಗಳಿಗೆ ಎರಡು ಸಲ ಹೋಗುತ್ತಾನೆ. ತಂದೆ ಮನೆಗೆ ಸೇರಿಸದೆ ಏನೂ ಇಲ್ಲ, ಹೋಗಿ ಬಂದ ದಿನ ಮಾತನಾಡುವುದಿಲ್ಲ, ಅಷ್ಟೆ. ಹೋದ ಸಲ ಮಾತ್ರ ಊಟದ ನಡುವೆ, “ಬೆನ್ನು ನೋವು ಹೆಂಗೈತಂತೆ?” ಎಂದು ಕೇಳಿದರಂತೆ. ತಾವಿನ್ನೂ ಹೋಗಿಲ್ಲ.

ಮಂಗಳಾರತಿಗೆ ಹೊತ್ತಾಯಿತು. ಬರುವ ಭಾನುವಾರ ಮಠದ ಪಾಠಶಾಲೆಯ ಮಕ್ಕಳನ್ನು ಕರೆದುಕೊಂಡು ನಾವು ಆ ವೃದ್ಧಾಶ್ರಮಕ್ಕೆ ಹೋಗುತ್ತೇವೆ. ನಿಮ್ಮವರು ಅಲ್ಲಿಲ್ಲ, ಬೇರೆ ಕಡೆ ಇದ್ದಾರೆ ಎನ್ನುವವರು ಆ ದಿನ ಅಲ್ಲಿಗೇ ಹೋಗಿ, ನಮ್ಮ ಜೊತೆ ಬರಬೇಡಿ. ಮಠದ ವ್ಯಾನಿನಲ್ಲಿ ಜಾಗ ಕಡಿಮೆ. ಯಾರ ಮನೆಯಲ್ಲಾದರೂ ಅಟ್ಟದ ಮೇಲೆ ಹಳೆಯ ಕುಟ್ಟಾಣಿ ಇದ್ದರೆ ತೊಳೆದು ಶನಿವಾರದೊಳಗೆ ಮಠಕ್ಕೆ ತಲುಪಿಸಿ. ಒಂದು ಸಾಲದು ಎಂದು ಅಲ್ಲಿಂದ ಹೇಳಿಕಳಿಸಿದ್ದಾರೆ.